ತಲೆಯ ನೀರು ಇಳಿದ ಮೇಲೆ ಗೊತ್ತಾದದ್ದು

ನನ್ನ ಗಂಡ ಸತ್ತ ದಿನ ನಾನು ಅವರ ಪಕ್ಕದಲ್ಲೇ ಕೂತಿದ್ದೆ. ನನಗೆ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ವರ್ಷದ ಮೇಲಾಗಿತ್ತು. ಮನೆಯವರೆಲ್ಲ ಅತ್ತು ಮುಗಿಸಿ, ಅವರಿವರ ಮದುವೆ ಊಟಕ್ಕೆ ಹೋಗಿ ಬರುತ್ತಿದ್ದರು. ಈ ಕಾಯಿಲೆ ನನ್ನಿಂದ ಕಿತ್ತುಕೊಂಡದ್ದು ಆ ದಿನವನ್ನು. ಕಾಲು ವಾಪಸ್ ಬಂತು, ಮಾತು ವಾಪಸ್ ಬಂತು, ಉಪ್ಪು ಹುಳಿ ಎಷ್ಟು ಹಾಕಬೇಕು ಅನ್ನುವುದೂ ಬಂತು. ಅದೊಂದು ಬರಲಿಲ್ಲ.

ನನ್ನ ಹೆಸರು ನೀಲಮ್ಮ. ಚಾಮರಾಜಪೇಟೆಯವಳು. ಮೂರನೇ ಕ್ಲಾಸಿಗೆ ಇಸ್ಕೂಲು ಬಿಟ್ಟೆ. ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋದಾಗ ಬೆಂಚಿನ ಮೇಲೆ ನನ್ನಂಥ ಮುದುಕರನ್ನು ಕರೆತಂದವರು ಕೂತಿರುತ್ತಾರೆ. ನಾನು ನಡೆದು ಬರುವುದನ್ನು ನೋಡಿ, "ಇದೇ ಕಾಯಿಲೆನಾ ನಿಮಗೂ? ನಿಜಾನಾ?" ಅಂತ ಕೇಳುತ್ತಾರೆ. ಅವರಿಗೆಲ್ಲ ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. ಅದಕ್ಕೆ ಅಕ್ಷರ ಕೂಡಿಸಿ ಕೂಡಿಸಿ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ಕಾಲಿನಿಂದ. ನೋವಲ್ಲ. ನೋವಾಗಿದ್ದರೆ ಹೇಳಿಕೊಳ್ಳುವುದು ಸುಲಭ. ಅಂಗಾಲು ನೆಲಕ್ಕೆ ಅಂಟಿಕೊಂಡ ಹಾಗೆ. ಎತ್ತು ಅಂತ ನಾನು ಹೇಳುತ್ತೇನೆ, ಕಾಲು ಕೇಳುವುದಿಲ್ಲ. ಎದ್ದು ನಿಂತರೆ ಹಸಿ ಸಿಮೆಂಟಿನಲ್ಲಿ ನಿಂತ ಹಾಗಾಗುತ್ತಿತ್ತು. ಒಂದು ಸಲ ಹೊರಟರೆ ಸಣ್ಣ ಸಣ್ಣ ಹೆಜ್ಜೆ, ನೆಲ ಉಜ್ಜಿಕೊಂಡು. ತಿರುಗಬೇಕಾದರೆ ದೊಡ್ಡ ಸಾಹಸ. ಮಾರ್ಕೆಟ್ಟಿನಲ್ಲಿ ಸೊಪ್ಪಿನವಳು ನನ್ನನ್ನು ನೋಡಿ ನಕ್ಕಳು. "ಏನಕ್ಕ, ಮದುವೆ ಹೆಣ್ಣಿನ ಥರ ಹೆಜ್ಜೆ ಇಡ್ತಿದ್ದೀಯ? ಸೇರು ಒದೀಬೇಕಾ?" ಅಂದಳು. "ನಿನ್ನನ್ನ ಒದೀತೀನಿ, ಕಾಲು ಎತ್ತೋಕೆ ಬಂದ್ರೆ" ಅಂದೆ.

ಎರಡನೆಯದನ್ನು ಹೇಳಬಾರದು ಅನ್ನುತ್ತಾರೆ. ನಾನು ಹೇಳುತ್ತೇನೆ. ಉಚ್ಚೆ ನಿಲ್ಲುತ್ತಿರಲಿಲ್ಲ. ಬಂತು ಅನ್ನಿಸುವಷ್ಟರಲ್ಲಿ ಆಗಿಹೋಗಿರುತ್ತಿತ್ತು. ನೀರು ಕುಡಿಯುವುದು ಬಿಟ್ಟೆ. ನೆಂಟರ ಮನೆಗೆ ಹೋಗುವುದು ಬಿಟ್ಟೆ. ಕೊನೆಗೆ ಪೂಜೆಗೆ ಕೂರುವುದನ್ನೂ ಬಿಟ್ಟೆ. ಒದ್ದೆ ಸೀರೆಯಲ್ಲಿ ಲಿಂಗವನ್ನು ಅಂಗೈಗೆ ತೆಗೆದುಕೊಳ್ಳುವುದು ಹೇಗೆ? ನಮ್ಮ ಯಜಮಾನರು ಎರಡು ದಿನ ನೋಡಿದರು. ಮೂರನೇ ದಿನ ನನ್ನ ಪಕ್ಕ ಮಣೆ ಹಾಕಿದರು.

"ಲಿಂಗಕ್ಕೆ ನಿನ್ನ ಸೀರೆ ಕಾಣಲ್ಲ. ಮುಖ ಕಾಣುತ್ತೆ. ಕೂತ್ಕೊ."

ಅವರ ಹೆಸರು ಗುರುಸಿದ್ದಪ್ಪ. ಬದುಕಿದ್ದಾಗ ನಾನು ಬಾಯಲ್ಲಿ ಹೇಳಿದವಳಲ್ಲ. ಈಗ ಬರೆಯುತ್ತೇನೆ. ಪೇಟೆಯಲ್ಲಿ ನಮ್ಮದು ಗ್ರಂಥಿಗೆ ಅಂಗಡಿ. ಅರಿಶಿನ, ಕುಂಕುಮ, ವಿಭೂತಿ, ಕರ್ಪೂರ, ಬಜೆ, ಶುಂಠಿ. ಅವರು ಮನೆಗೆ ಬಂದರೆ ಅಂಗಡಿಯೇ ಎದ್ದು ಬಂದ ಹಾಗೆ ವಾಸನೆ. ಈಗ ಅಂಗಡಿ ನಮ್ಮ ಮಗ ಮಹೇಶನ ಕೈಯಲ್ಲಿದೆ.

ಮಂಡಿ ಡಾಕ್ಟರ ಹತ್ತಿರ ಹೋದೆವು. ಮಂಡಿ ಸವೆದಿದೆ ಅಂದರು. ಈ ವಯಸ್ಸಿಗೆ ಯಾರ ಮಂಡಿ ಸವೆದಿಲ್ಲ? ಎಣ್ಣೆ ಕೊಟ್ಟರು, ಪಟ್ಟಿ ಕೊಟ್ಟರು. ಆಮೇಲೆ ಮಾಮೂಲಿ ಡಾಕ್ಟರ ಹತ್ತಿರ ಹೋದೆವು. ಅಷ್ಟರಲ್ಲಿ ಮರೆವೂ ಶುರುವಾಗಿತ್ತು. ಹೆಸರು ಮರೆಯುವುದು ಮಾತ್ರ ಅಲ್ಲ, ಎಲ್ಲವೂ ನಿಧಾನ. ಯಾರಾದರೂ ಏನಾದರೂ ಕೇಳಿದರೆ ಉತ್ತರ ಬಾವಿಯ ತಳದಿಂದ ಮೇಲೆ ಬರಬೇಕಿತ್ತು. ಅದು ಬರುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು. ಡಾಕ್ಟರು ನನ್ನ ಮುಖ ನೋಡದೆ, "ವಯಸ್ಸಾಯ್ತಲ್ಲ ಯಜಮಾನ್ರೇ, ಇನ್ನೇನು" ಅಂದರು.

"ಇವಳಿಗಿಂತ ನನಗೆ ಜಾಸ್ತಿ ವಯಸ್ಸಾಗಿದೆ ಡಾಕ್ಟ್ರೇ. ನಾನು ನಡೀತಿಲ್ವಾ? ತಲೆಗೊಂದು ಫೋಟೋ ತೆಗೆಸಿ ನೋಡೋಣ" ಅಂದರು ಇವರು.

"ಏನೂ ಬೇಕಾಗಿಲ್ಲ. ಅರಳು ಮರಳು. ಚೆನ್ನಾಗಿ ನೋಡಿಕೊಳ್ಳಿ ಸಾಕು."

ಅವರು ನೋಡಿಕೊಂಡರು. ಬಾಗಿಲಲ್ಲಿ ಹಾಕಿದ ರಂಗೋಲಿ ದಾಟುವಾಗ ಮಾತ್ರ ನನ್ನ ಕಾಲು ಎತ್ತುತ್ತದೆ ಅನ್ನುವುದನ್ನು ಅವರು ಗಮನಿಸಿದ್ದರು. ರಂಗೋಲಿ ತುಳಿಯಬಾರದು ಅನ್ನುವುದು ತಲೆಯಲ್ಲಿ ಅಲ್ಲ, ಕಾಲಿನಲ್ಲೇ ಇತ್ತೋ ಏನೋ. ಮಾರನೇ ದಿನ ಹಾಸಿಗೆಯಿಂದ ಬಚ್ಚಲುಮನೆವರೆಗೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಅಡ್ಡಡ್ಡ ಗೆರೆ ಎಳೆದರು. ಗೆರೆ ಹಾವಿನ ಹಾಗೆ ಹೋಗಿತ್ತು. ಜೀವಮಾನದಲ್ಲಿ ಒಂದು ಚುಕ್ಕಿ ಇಟ್ಟವರಲ್ಲ. ಸೊಸೆ ಪುಷ್ಪ ನೋಡಿ ನಕ್ಕಳು.

"ಮಾವ, ಇದೇನು, ಅಳಿಲು ಓಡಾಡಿದ ಹಾಗಿದೆ!"

"ನಿನ್ನ ಅತ್ತೆ ದಾಟಿದ್ರೆ ಸರಿ. ನಾನೇನು ಸಂಕ್ರಾಂತಿಗೆ ಪ್ರೈಜ್ ತಗೋಬೇಕಾ?"

ನಾನು ದಾಟಿದೆ. ಕೆಲವು ದಿನ ದಾಟಿದೆ. ಆಮೇಲೆ ಅದನ್ನೂ ತುಳಿದೆ. ಅವರು ಒದ್ದೆ ಬಟ್ಟೆಯಲ್ಲಿ ನನ್ನ ಅಂಗಾಲು ಒರೆಸಿದರು.

ಅಲ್ಲಿಂದ ಮುಂದೆ ನನ್ನ ಹತ್ತಿರ ಇರುವುದು ನೆನಪಿನ ತುಂಡುಗಳು ಮಾತ್ರ. ಒಂದು ತುಂಡಿನಲ್ಲಿ ಗಂಜಿಯ ಚಮಚ. ಇನ್ನೊಂದರಲ್ಲಿ ಟೀವಿಯಲ್ಲಿ ಯಾರೋ ಕೂಗಾಡುತ್ತಿದ್ದಾರೆ. ಅವರದು ಅಂತ ನನ್ನ ಹತ್ತಿರ ಉಳಿದ ಕೊನೆಯ ತುಂಡು ಇಷ್ಟು: ಅವರು ನನ್ನ ತಲೆ ಬಾಚುತ್ತಿದ್ದಾರೆ. ಗಂಡಸಿನ ಕೈ, ಸಿಕ್ಕು ಬಿಡಿಸದೆ ಎಳೆಯುತ್ತಿದ್ದಾರೆ. ನಾನು ಬೈದೆ. ಏನು ಬೈದೆನೋ ಗೊತ್ತಿಲ್ಲ. "ಬೈಯಿ, ಬೈಯಿ. ಬೈತಿದ್ರೆ ನೀನು ಇನ್ನೂ ಇದ್ದೀಯ ಅಂತ ಗೊತ್ತಾಗುತ್ತೆ" ಅಂದರು. ಅಷ್ಟೆ. ಅದಾದ ಮೇಲೆ ಅವರು ನನ್ನ ಹತ್ತಿರ ಇಲ್ಲ.

ಇಲ್ಲಿಂದ ಸ್ವಲ್ಪ ದೂರ ನಾನು ಬರೆಯುವುದು ಬೇರೆಯವರು ಹೇಳಿದ್ದು. ನಾನು ಬಚ್ಚಲಲ್ಲಿ ಬಿದ್ದೆನಂತೆ. ತಲೆಗೆ ಪೆಟ್ಟಾಯಿತು. ಒಳಗೇನಾದರೂ ಒಡೆದಿದೆಯೋ ಅಂತ ನೋಡಲು ದೊಡ್ಡ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು. ಏನೂ ಒಡೆದಿರಲಿಲ್ಲ. ಆದರೆ ಅಲ್ಲಿದ್ದ ಡಾಕ್ಟರಮ್ಮ, ಇನ್ನೂ ಚಿಕ್ಕ ವಯಸ್ಸಿನವಳು, ಫೋಟೋ ನೋಡಿ ಮಹೇಶನನ್ನು ಕೂರಿಸಿಕೊಂಡು ಕೇಳಿದಳಂತೆ: ಇವರು ಕಾಲು ಎಳೆದು ನಡೆಯುತ್ತಾರಾ? ಬಟ್ಟೆಯಲ್ಲಿ ಉಚ್ಚೆ ಹೋಗುತ್ತದಾ? ಮಂಕಾಗಿದ್ದಾರಾ? ಮೂರಕ್ಕೂ ಅವನು ಹೌದು ಅಂದ.

ತಲೆಯೊಳಗೆ ನೀರಿರುತ್ತದಂತೆ, ಎಲ್ಲರಿಗೂ. ದಿನವೂ ಹೊಸದು ಊರಬೇಕು, ಹಳೆಯದು ಮಿದುಳನ್ನು ತೊಳೆದು ಕೊಳೆ ತೆಗೆದುಕೊಂಡು ಇಳಿಯಬೇಕು. ನಿದ್ದೆ ಮಾಡುವಾಗ ಆ ತೊಳೆಯುವ ಕೆಲಸ ಜಾಸ್ತಿ ನಡೆಯುತ್ತದೆ ಅನ್ನುತ್ತಾರೆ. ನನಗೆ ಇಳಿಯುವ ದಾರಿ ಕಟ್ಟಿತ್ತು. ನೀರು ನಿಂತು ನಿಂತು ಮಿದುಳನ್ನು ಒಳಗಿನಿಂದ ತಲೆಬುರುಡೆಗೆ ಒತ್ತಿತ್ತು. ನೀರು ನಿಂತ ಕಡೆ ಕೊಳೆಯೂ ನಿಲ್ಲುತ್ತದಲ್ಲ, ಅದು ಎಷ್ಟು ಕೂತಿದೆ, ಏನು ಹಾಳುಮಾಡಿದೆ ಅನ್ನುವುದು ನೀರು ತೆಗೆದು ನೋಡದೆ ಗೊತ್ತಾಗುವುದಿಲ್ಲ ಅಂದಳಂತೆ. ಕೊಳವೆ ಹಾಕಿ ನೀರು ಹೊಟ್ಟೆಗೆ ಬಿಡಬಹುದು. ಅದಕ್ಕೆ ಮೊದಲು ಬೆನ್ನಿನಿಂದ ಸ್ವಲ್ಪ ನೀರು ತೆಗೆದು, ನಡಿಗೆ ಸುಧಾರಿಸುತ್ತದಾ ಅಂತ ನೋಡಬೇಕು.

ನನಗೆ ಮತ್ತೆ ಬೆಳಕಾದದ್ದು ಆ ಪರೀಕ್ಷೆಯ ದಿನ. ಉದ್ದನೆಯ ಓಣಿಯಂಥ ಜಾಗ. ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಕಾಲಿಗೆ ವ್ಯಾಯಾಮ ಮಾಡಿಸುವ ಒಬ್ಬಳು ಹುಡುಗಿ ಮುಂದೆ ನಿಂತು, "ಬನ್ನಿ ಅಜ್ಜಿ, ಬನ್ನಿ, ಬನ್ನಿ" ಅಂತ ಕೈ ತಟ್ಟುತ್ತಿದ್ದಾಳೆ. ನಾನು ಹೋದೆ. ಕಾಲು ಎದ್ದು ಹೋಯಿತು. ತಲೆಯೊಳಗೆ ಏನೋ ಸದ್ದು ಕಡಿಮೆಯಾಗಿತ್ತು. ಎಷ್ಟೋ ಕಾಲದಿಂದ ಮನೆಯಲ್ಲಿ ರುಬ್ಬುವ ಮಿಷನ್ನು ಓಡುತ್ತಿದ್ದು, ಯಾರೋ ನಿಲ್ಲಿಸಿದ ಹಾಗೆ.

ಪುಷ್ಪ ಗೋಡೆಗೆ ಒರಗಿ ಅಳುತ್ತಿದ್ದಳು.

"ಯಾಕೆ ಅಳ್ತೀಯೇ? ನಡೀತಿದೀನಲ್ಲ" ಅಂದೆ.

"ಅದಕ್ಕೇ ಅಳ್ತಿದೀನಿ ಅತ್ತೆ."

"ನಿಮ್ಮ ಮಾವ ಎಲ್ಲಿ? ನೋಡಬೇಕಿತ್ತು."

"ಅಂಗಡಿಗೆ ಹೋಗಿದಾರೆ ಅತ್ತೆ."

ತಕ್ಷಣ ಹೇಳಿದಳು. ಒಂದು ಚೂರೂ ತಡವರಿಸಲಿಲ್ಲ. ಬೆಳಗಿನ ಹೊತ್ತು, ಅಂಗಡಿಗೆ ಹೋಗಿರುತ್ತಾರೆ, ಸರಿ ಅಂತ ನಂಬಿದೆ.

ಆಪರೇಷನ್ನಿಗೆ ಮೊದಲು ಡಾಕ್ಟರಮ್ಮ ಬಂದು ತಲೆಯಿಂದ ಕಿವಿಯ ಹಿಂದೆ, ಕತ್ತಿನಲ್ಲಿ, ಎದೆಯ ಮೇಲೆ ಬೆರಳಾಡಿಸಿ ಕೊಳವೆ ಹೋಗುವ ದಾರಿ ತೋರಿಸಿದಳು.

"ತಲೆಯ ಕೊಳೆ ನೀರನ್ನ ಹೊಟ್ಟೆಗೆ ಬಿಡ್ತೀಯಾ? ನಾನು ಊಟ ಎಲ್ಲಿಗೆ ಹಾಕಲಿ?" ಅಂದೆ.

ಅವಳು ನಕ್ಕಳು. "ಊಟದ ಚೀಲ ಬೇರೆ, ಇದು ಬೇರೆ ಅಮ್ಮ. ಮೈಯೇ ಹೀರಿಕೊಳ್ಳುತ್ತೆ."

ಒಡವೆ ತೆಗೆಯಿರಿ ಅಂದರು. ಪುಷ್ಪ ಬಳೆ ತೆಗೆದಳು, ಓಲೆ ತೆಗೆದಳು, ತಾಳಿ ತೆಗೆದಳು. ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಎಡಗೈ ಮಣಿಕಟ್ಟಿಗೆ ಕಟ್ಟಲು ನರ್ಸಿನ ಹತ್ತಿರ ಜಗಳವಾಡಿ ಒಪ್ಪಿಸಿದಳು. ಅದನ್ನು ನೋಡಿದೆ. ಒಳ್ಳೆಯ ಸೊಸೆ ಅಂದುಕೊಂಡೆ. ಆಮೇಲೆ ಮೂಗಿಗೆ ಏನೋ ಇಟ್ಟರು.

ವಾರ್ಡಿನಲ್ಲಿ ಎದ್ದಾಗ ಅರ್ಧ ತಲೆ ಬೋಳಿಸಿದ್ದರು. ಪಕ್ಕದ ಮಂಚದಲ್ಲಿ ತುಮಕೂರು ಕಡೆಯ ಜಯಮ್ಮ ಅನ್ನುವವಳು, ನನಗಿಂತ ಚಿಕ್ಕವಳು. ಬೆನ್ನಿನ ಆಪರೇಷನ್ ಆಗಿತ್ತು. ಒಳ್ಳೆಯ ಬಾಯಿ. "ಅಕ್ಕಾ, ಆ ಕಡೆಯಿಂದ ನೋಡಿದ್ರೆ ನೀವು ಮುತ್ತೈದೆ, ಈ ಕಡೆಯಿಂದ ಮಠದ ಸ್ವಾಮಿಗಳು. ಯಾವ ಕಡೆಗೆ ನಮಸ್ಕಾರ ಮಾಡ್ಲಿ?" ಅಂತ ರೇಗಿಸುತ್ತಿದ್ದಳು. ನಗುವುದಕ್ಕೆ ಹೋದರೆ ಹೊಲಿಗೆ ಎಳೆಯುತ್ತಿತ್ತು. ಆದರೂ ನಗುತ್ತಿದ್ದೆ. ಪ್ರತಿ ದಿನ ತಲೆ ಇನ್ನೊಂದಿಷ್ಟು ತಿಳಿಯಾಗುತ್ತಿತ್ತು. ಯಾವ ಔಷಧಿ ಎಷ್ಟು ಹೊತ್ತಿಗೆ ಅಂತ ನಾನೇ ನರ್ಸಿಗೆ ನೆನಪಿಸುವಷ್ಟು.

ಒಂದು ಬೆಳಿಗ್ಗೆ ಜಯಮ್ಮನ ಕತ್ತಿನಲ್ಲಿ ಹಳದಿ ದಾರ ಕಂಡಿತು. ದಾರಕ್ಕೆ ಅರಿಶಿನದ ಕೊಂಬು ಕಟ್ಟಿತ್ತು.

"ಅದೇನು, ಹರಕೆನಾ?"

"ಅಯ್ಯೋ ಹರಕೆಯಲ್ಲ ಅಕ್ಕಾ. ಆಪರೇಷನ್‌ಗೆ ತಾಳಿ ತೆಗೆಸಿದ್ರಲ್ಲ. ಕತ್ತು ಬರಿದು ಬಿಡಬಾರದು ಅಂತ ನಮ್ಮಮ್ಮ ಇದನ್ನ ಕಟ್ಟಿದ್ಲು."

ಗೊತ್ತಿಲ್ಲದ ವಿಷಯವೇ ನನಗೆ? ನಮ್ಮ ಮನೆಯಲ್ಲೂ ಹಾಗೇ. ನನ್ನ ಕೈ ಕತ್ತಿಗೆ ಹೋಯಿತು. ಪ್ಲಾಸ್ಟರ್ ಇತ್ತು. ಪ್ಲಾಸ್ಟರಿನ ಕೆಳಗೆ, ಮೇಲೆ, ಹಿಂದೆ ತಡಕಿದೆ. ದಾರ ಇರಲಿಲ್ಲ.

ಪುಷ್ಪ ಮರೆಯುವವಳಲ್ಲ. ಅವಳಿಗೆ ಹಿಂದೆ ಪಿತ್ತಕೋಶದ ಕಲ್ಲು ತೆಗೆದಾಗ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಗಾಲಿ ಮಂಚದ ಮೇಲೆ ಎದ್ದು ಕೂತು, ದಾರ ಕಟ್ಟದೆ ಒಳಗೆ ಬರುವುದಿಲ್ಲ ಅಂತ ಹಟ ಹಿಡಿದವಳು. ನಮ್ಮ ಯಜಮಾನರೇ ಅಂಗಡಿಯಿಂದ ಓಡಿ ಬಂದು ಕೊಂಬು ಕೊಟ್ಟಿದ್ದರು. ಕೊಂಬಿಗೆ ನಮ್ಮಲ್ಲಿ ಬರವೂ ಇಲ್ಲ, ಮೂಟೆಗಟ್ಟಲೆ ಇದೆ. ನನ್ನ ಲಿಂಗ ಮಣಿಕಟ್ಟಿನಲ್ಲಿರಲಿ ಅಂತ ನರ್ಸಿನ ಹತ್ತಿರ ಜಗಳ ಆಡಿದವಳು, ದಾರ ಮರೆತಳಾ?

ಮರೆತಿಲ್ಲ. ಬೇಕಿಲ್ಲದ್ದಕ್ಕೆ ಕಟ್ಟಿಲ್ಲ.

ಹೀಗೆ ನನಗೆ ಗೊತ್ತಾಯಿತು. ಯಾರೂ ಹೇಳಲಿಲ್ಲ. ಹಾಸಿಗೆಯ ಮೇಲೆ ಹಾಗೇ ಕೂತಿದ್ದೆ. ಆಪರೇಷನ್ನಿಗೆ ಬಂದಾಗಿನಿಂದ ಅವರು ನೋಡಲು ಬಂದಿಲ್ಲ ಅನ್ನುವುದು ಆಗ ಹೊಳೆಯಿತು. ನನ್ನ ಗಂಡ ಬರದೆ ಇರುವವರಲ್ಲ. ಗೆರೆ ಎಳೆದವರು, ತಲೆ ಬಾಚಿದವರು. ಅಂಗಡಿಗೆ ಬೆಂಕಿ ಬಿದ್ದರೂ ಇಲ್ಲಿಗೆ ಬರುತ್ತಿದ್ದರು.

ಪುಷ್ಪ ಮಧ್ಯಾಹ್ನ ಊಟದ ಡಬ್ಬಿ ತಂದಳು. ಮುಚ್ಚಳ ತೆಗೆಯುತ್ತಿದ್ದಳು.

"ನಿಮ್ಮ ಮಾವ ಯಾವಾಗ ಹೋದ್ರು?"

"ಅಂಗಡಿಗಾ? ಬೆಳಿಗ್ಗೆನೇ..."

"ಅಂಗಡಿಗಲ್ಲ ಕಣೇ."

ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈ ಎಲ್ಲಿದೆ ನೋಡಿದಳು. ಕೈ ಇನ್ನೂ ಕತ್ತಿನ ಮೇಲೇ ಇತ್ತು. ಡಬ್ಬಿ ಕೆಳಗಿಟ್ಟು ಸ್ಟೂಲಿನ ಮೇಲೆ ಕುಸಿದಳು.

"ವರ್ಷದ ಮೇಲಾಯ್ತು ಅತ್ತೆ."

ಜಯಮ್ಮ ಆ ಕಡೆಗೆ ಮುಖ ತಿರುಗಿಸಿ ಮಲಗಿದಳು. ಅವಳಿಗೆ ಬೆನ್ನು ತಿರುಗಿಸಲು ಎಷ್ಟು ನೋವು ಅಂತ ನನಗೆ ಗೊತ್ತು. ಅಷ್ಟು ಮರ್ಯಾದೆ ಕೊಟ್ಟಳು.

ಹೇಗೆ ಅಂತ ಕೇಳಿದೆ. ಪುಷ್ಪ ಹೇಳಿದಳು. ಬೆಳಿಗ್ಗೆ ಪೂಜೆ ಮುಗಿಸಿ, ನನಗೆ ವಿಭೂತಿ ಹಚ್ಚಿ, ನಡುಮನೆಯಲ್ಲಿ ನನ್ನ ಎದುರು ಕುರ್ಚಿಯಲ್ಲಿ ಕೂತರಂತೆ. ತಲೆ ಎದೆಗೆ ಬಾಗಿತಂತೆ. ಅವಳು ಒಳಗೆ ಒಗ್ಗರಣೆ ಹಾಕುತ್ತಿದ್ದಳು. ಹೊರಗೆ ಬಂದು ನೋಡಿದಾಗ ಆಗಿಹೋಗಿತ್ತು.

"ನಾನು ಎದುರಿಗೇ ಇದ್ನಾ?"

"ಇದ್ರಿ."

"ಕೂಗಲಿಲ್ವಾ?"

"ಇಲ್ಲ ಅತ್ತೆ. ನೀವು ಅವರನ್ನೇ ನೋಡ್ತಾ ಕೂತಿದ್ರಿ."

ಅಳು ಬರಲಿಲ್ಲ. ಊಟ ಮಾಡಿದೆ. ಸಾರಿಗೆ ಉಪ್ಪು ಕಡಿಮೆ ಅಂದೆ. ಅವಳು ಹೋದ ಮೇಲೆ ಜಯಮ್ಮ ತನ್ನ ಬಾಳೆಹಣ್ಣೊಂದನ್ನು ಕೈ ಚಾಚಿ ನನ್ನ ಮಂಚದ ಮೇಲಿಟ್ಟಳು.

ಮನೆಗೆ ಬಂದೆ. ನೋಡಲು ಜನ ಬಂದರು. ಬಸವನಗುಡಿಯಿಂದ ನಾದಿನಿ, ಮಲ್ಲೇಶ್ವರದಿಂದ ಬೀಗರು, ಬೀದಿಯವರು. ಎಲ್ಲರ ಕೈಯಲ್ಲೂ ಸೇಬು. "ನಡೀತಿದೀರಲ್ಲ! ಪುನರ್ಜನ್ಮ ಬಂದ ಹಾಗಾಯ್ತು!" ಅಂತ ಖುಷಿಪಟ್ಟರು. ಅವರು ನಗುತ್ತಿರುವಾಗ ನಾನು ಎದೆ ಬಡಿದುಕೊಂಡು ಅಳುವುದು ಹೇಗೆ? ಸಾವಿನ ಮನೆಗೆ ಬಂದವರಾಗಿದ್ದರೆ ಪಕ್ಕದಲ್ಲಿ ಕೂತು, ಕೈ ಹಿಡಿದು, ನನ್ನ ಜೊತೆ ಅಳುತ್ತಿದ್ದರು. ಅದನ್ನು ಅವರು ಮಾಡಿ ಹೋಗಿಯೂ ಆಗಿತ್ತು. ಆಗ ನಾನು ಇರಲಿಲ್ಲ.

ನಾದಿನಿಯ ಹತ್ತಿರ ಬಾಯಿಬಿಟ್ಟು ಕೇಳಿದೆ. "ನಿಮ್ಮಣ್ಣನ ವಿಷಯ ಹೇಳು."

"ಅದನ್ನೆಲ್ಲ ಈಗ್ಯಾಕೆ ತೆಗೀತೀರ ಅತ್ತಿಗೆ? ಸಮಾಧಾನ ಮಾಡ್ಕೊಳ್ಳಿ. ಅವರು ಪುಣ್ಯವಂತರು, ಕೂತಲ್ಲೇ ಹೋದ್ರು" ಅಂದಳು. ಅವಳ ಕಣ್ಣು ಒಣಗಿತ್ತು. ತಪ್ಪಲ್ಲ. ವರ್ಷದಲ್ಲಿ ಯಾರ ಕಣ್ಣಾದರೂ ಒಣಗುತ್ತದೆ.

ಮಹೇಶ ಅಂತೂ ಆ ಮಾತು ಬಂದರೆ ಎದ್ದು ಹೋಗುತ್ತಿದ್ದ. "ಅಮ್ಮ, ನೀನು ಹುಷಾರಾಗಿದ್ದೀಯ, ಅಷ್ಟು ಸಾಕು ನನಗೆ" ಅನ್ನುತ್ತಿದ್ದ. ಅವನಿಗೆ ಸಾಕು. ನನಗೆ ಸಾಕಾಗಲಿಲ್ಲ.

ಮೊಮ್ಮಗಳು ಸಹನಾ ಕಾಲೇಜಿಗೆ ಹೋಗುವವಳು. ಅವಳನ್ನು ಕೇಳಿದೆ. "ಆ ದಿನದ ಫೋಟೋ ಏನಾದ್ರೂ ಇದೆಯೇನೇ?"

"ಇದೆ ಅಜ್ಜಿ. ವಿಡಿಯೋ ಇದೆ. ಊರಿಂದ ಬರೋಕಾಗದೆ ಇರೋರಿಗೆ ಕಳಿಸೋಕೆ ಅಂತ ಮಾಡಿದ್ದೆ. ಆದ್ರೆ ಅಪ್ಪ ಬೈತಾರೆ."

"ನಿಮ್ಮಪ್ಪನನ್ನ ಹೆತ್ತವಳು ನಾನು. ತೋರಿಸು."

ನಮ್ಮಲ್ಲಿ ಹೆಣ ಮಲಗಿಸುವುದಿಲ್ಲ, ಕೂರಿಸುತ್ತೇವೆ. ಅವರನ್ನು ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಹೊಸ ಪಂಚೆ, ತಲೆಗೆ ರುಮಾಲು, ಹಣೆ ತುಂಬ ವಿಭೂತಿ, ಕೊರಳಿಗೆ ಹಾರ. ಕೂತೇ ಇದ್ದಾರೆ, ಕಣ್ಣು ಮುಚ್ಚಿ. ದಿನವೂ ಪೂಜೆಗೆ ಕೂತ ಹಾಗೇ. ಸುತ್ತ ಭಜನೆ ನಡೆಯುತ್ತಿದೆ. ಪಕ್ಕದ ಕುರ್ಚಿಯಲ್ಲಿ ಒಬ್ಬಳು ಮುದುಕಿ. ಸೆರಗು ಸರಿಯಾಗಿಲ್ಲ, ಬಾಯಿ ಸ್ವಲ್ಪ ತೆರೆದಿದೆ. ನಾನೇ. ಭಜನೆ ನಿಂತಾಗ ಆ ಮುದುಕಿ ಅತ್ತ ಇತ್ತ ನೋಡಿ, ಜೋರಾಗಿ ಕೇಳುತ್ತಾಳೆ:

"ಪೂಜೆ ಆಯ್ತಲ್ಲ. ಇವರಿಗೆ ಕಾಫಿ ಕೊಡ್ರೇ ಯಾರಾದ್ರೂ."

ಯಾರೋ ಬಿಕ್ಕಿ ಅಳುವುದು ಕೇಳಿಸಿತು. ಅಲ್ಲಿಗೆ ವಿಡಿಯೋ ಮುಗಿಯಿತು.

ಇನ್ನೊಂದು ಸಲ ಹಾಕು ಅಂದೆ. ಸಹನಾ ಹಾಕಿದಳು. ಮತ್ತೆ ಹಾಕು ಅಂದೆ. ಅವಳು ಫೋನು ಎದೆಗೆ ಒತ್ತಿಕೊಂಡು, "ಬೇಡ ಅಜ್ಜಿ, ಪ್ಲೀಸ್" ಅಂದಳು.

ಅಡುಗೆಮನೆಗೆ ಹೋದೆ. ಪುಷ್ಪ ಹುರುಳಿಕಾಯಿ ಕತ್ತರಿಸುತ್ತಿದ್ದಳು. ಮನಸ್ಸಿನಲ್ಲಿದ್ದದ್ದನ್ನೆಲ್ಲ ಕಾರಿದೆ.

"ನನ್ನ ಗಂಡ ಸತ್ತಿದ್ದನ್ನ ನನಗೆ ಹೇಳದೆ ಇರೋಕೆ ನೀನ್ಯಾರೇ? ಕತ್ತಿಗೆ ತಾಳಿ, ಹಣೆಗೆ ಕುಂಕುಮ ಹಚ್ಚಿ ಗೊಂಬೆ ಥರ ಕೂರಿಸಿದ್ಯಲ್ಲ! ವರ್ಷ ಪೂರ್ತಿ ಅಂಗಡಿಗೆ ಹೋಗಿದಾರೆ, ಅಂಗಡಿಗೆ ಹೋಗಿದಾರೆ! ನನ್ನ ಪಾಲಿನ ಅಳು ನನಗೆ ಬೇಡ್ವಾ?"

ಅವಳು ಚಾಕು ಕೆಳಗಿಟ್ಟಳು. ನನ್ನ ಮುಂದೆ ಎಂದೂ ದನಿ ಎತ್ತಿದವಳಲ್ಲ. ಅವತ್ತು ಎತ್ತಿದಳು.

"ಹೇಳಲಿಲ್ಲ ಅಂತ ಯಾರು ಅಂದ್ರು ಅತ್ತೆ? ಮೊದಲು ಹೇಳಿದ್ದೇ ನಾನು. ನೀವು ಗೋಡೆಗೆ ತಲೆ ಚಚ್ಚಿಕೊಂಡು ಅತ್ರಿ. ಮಾರನೇ ದಿನ ಎದ್ದು 'ನಿಮ್ಮ ಮಾವ ಎಲ್ಲಿ' ಅಂದ್ರಿ. ಮತ್ತೆ ಹೇಳಿದೆ. ಮತ್ತೆ ಹೊಸದಾಗಿ ಅತ್ರಿ. ದಿನಾ ಕೇಳೋರು, ದಿನಾ ಹೇಳ್ತಿದ್ದೆ, ದಿನಾ ಅವತ್ತೇ ಸತ್ತ ಹಾಗೆ ಅಳೋರು. ನಾವೆಲ್ಲ ಒಂದು ಸಲ ಅತ್ವಿ ಅತ್ತೆ. ನಿಮಗೆ ಅವರು ದಿನಾ ಸತ್ತರು. ತಿಂಗಳಾಯ್ತು, ನಿಮ್ಮ ಮಗ ಅಂಗಡಿಗೆ ಹೋಗೋಕೂ ಆಗದೆ ಮೂಲೇಲಿ ಕೂತ್ಬಿಟ್ರು. ಒಂದು ದಿನ ನನ್ನ ಬಾಯಲ್ಲಿ ತಾನಾಗೇ ಬಂತು, ಅಂಗಡಿಗೆ ಹೋಗಿದಾರೆ ಅಂತ. ನೀವು 'ಓ ಹೌದಾ' ಅಂದು ಉಪ್ಪಿಟ್ಟು ತಿಂದ್ರಿ. ಅವತ್ತು ನಿಲ್ಲಿಸಿದೆ. ತಪ್ಪಾಗಿದ್ರೆ ಹೊಡೀರಿ."

ನಾನು ಮಣೆ ಎಳೆದುಕೊಂಡು ಅವಳ ಎದುರು ಕೂತೆ. ಹುರುಳಿಕಾಯಿಯ ನಾರು ತೆಗೆಯಲು ಶುರುಮಾಡಿದೆ. ಬೇರೇನು ಮಾಡಲಿ?

ಅವಳು ಮಾಡಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಹೇಳಬೇಕೋ ಬೇಡವೋ ಅಂತ ನನ್ನನ್ನು ಕೇಳಬೇಡಿ. ಒಂದನ್ನು ಮಾತ್ರ ಹೇಳುತ್ತೇನೆ. ಹೇಳುವವರ ಪಾಡೂ ಸುಲಭವಲ್ಲ. ದಿನಾ ಅತ್ತವಳಿಗೆ ಮರೆತುಹೋಯಿತು. ದಿನಾ ಹೇಳಿದವಳಿಗೆ ಒಂದೂ ಮರೆತಿಲ್ಲ.

ಆದರೆ ನನ್ನ ಗೋಳು ಬೇರೆ. ನಾನು ಅತ್ತಿದ್ದೇನಂತೆ. ಎಲ್ಲರಿಗಿಂತ ಜಾಸ್ತಿ ಅತ್ತಿದ್ದೇನಂತೆ. ಅದರಲ್ಲಿ ಒಂದು ಹನಿಯೂ ನನ್ನ ಹತ್ತಿರ ಇಲ್ಲ.

ಕೊಳವೆ ಪರೀಕ್ಷೆಗೆ ಹೋದಾಗ ಡಾಕ್ಟರಮ್ಮ ನಡೆಸಿ ನೋಡಿದಳು, ಲೆಕ್ಕ ಕೇಳಿದಳು, ಹೆಸರು ಕೇಳಿದಳು. ಎಲ್ಲ ಹೇಳಿದೆ. ಅವಳು ಖುಷಿಯಾಗಿದ್ದಳು. ನಾನು ಕೇಳಿದೆ.

"ನೀರು ತೆಗೆದ್ರಲ್ಲ ತಾಯಿ, ನೀರಿನ ಕೆಳಗೆ ಮುಳುಗಿದ್ದೆಲ್ಲ ಮೇಲೆ ಬರಬೇಕಲ್ವಾ? ನನ್ನ ಗಂಡನ ಕೊನೇ ದಿನಗಳು ಇನ್ನೂ ಬಂದಿಲ್ಲ. ಯಾವಾಗ ಬರುತ್ತೆ?"

ಅವಳು ಪೆನ್ನು ಕೆಳಗಿಟ್ಟಳು. ಸುಳ್ಳು ಹೇಳುವುದೋ ಬೇಡವೋ ಅಂತ ಯೋಚಿಸಿದಳು ಅಂತ ಕಾಣುತ್ತದೆ.

"ಮುಳುಗಿದ್ದಲ್ಲಮ್ಮ ಅದು. ಆಗ ನಿಮ್ಮ ತಲೆ ಯಾವುದನ್ನೂ ಇಟ್ಟುಕೊಳ್ಳೋ ಸ್ಥಿತೀಲಿ ಇರಲಿಲ್ಲ. ಇಟ್ಟುಕೊಂಡಿದ್ರೆ ತಾನೆ ಬರೋಕೆ?"

"ಅಂದ್ರೆ ಬರಲ್ಲ."

"ಬರಲ್ಲಮ್ಮ."

"ಅವರು ತಲೆ ಫೋಟೋ ತೆಗೆಸಿ ಅಂದಿದ್ರು, ಮೊದಲೇ. ಆಗಲೇ ತೆಗೆಸಿದ್ರೆ?"

ಅವಳು ಕುರ್ಚಿ ಹತ್ತಿರ ಎಳೆದುಕೊಂಡಳು. ನನ್ನ ಕೈ ಹಿಡಿದುಕೊಂಡಳು. ಹೊರಗೆ ಜನ ಕಾಯುತ್ತಿದ್ದರು, ಆದರೂ ಬಿಡಲಿಲ್ಲ. ಒಳ್ಳೆಯ ಹುಡುಗಿ. ಸುಳ್ಳು ಹೇಳಲಿಲ್ಲ, ಅದಕ್ಕೆ ಅವಳ ಮೇಲೆ ನನಗೆ ನಂಬಿಕೆ.

ಆ ಉತ್ತರ ಸಿಕ್ಕ ಮೇಲೆ ಕಾಯುವುದು ಬಿಟ್ಟೆ. ರುದ್ರಭೂಮಿಗೆ ಕರೆದುಕೊಂಡು ಹೋಗು ಅಂತ ಪುಷ್ಪನಿಗೆ ಹೇಳಿದೆ. ಮಹೇಶ ಬೇಡ ಅಂದ. ನೀನು ಬರಬೇಡ ಅಂದೆ. ಸೋಮವಾರ ಬೆಳಿಗ್ಗೆ ಆಟೋದಲ್ಲಿ ಹೋದೆವು. ಗೇಟಿನಲ್ಲಿ ಪುಷ್ಪ ನನ್ನ ತೋಳು ಹಿಡಿಯಲು ಬಂದಳು.

"ಬಿಡು. ದಾರಿ ಹೇಳು ಸಾಕು."

"ನೇರ ಹೋಗಿ ಅತ್ತೆ, ಬೇವಿನ ಮರ ದಾಟಿ ಎಡಗಡೆ. ಕಲ್ಲಿನ ಮೇಲೆ ಹೆಸರಿದೆ."

ನಡೆದು ಹೋದೆ. ಅಲ್ಲಿ ನೆಲ ಏರುಪೇರು, ಕಲ್ಲು ಮುಳ್ಳು. ಕಾಲು ಎಲ್ಲೂ ಅಂಟಲಿಲ್ಲ. ಒಂದೊಂದು ಅಕ್ಷರ ಕೂಡಿಸಿ ಹೆಸರು ಓದಿದೆ. ವಿಭೂತಿ ಇಟ್ಟೆ, ಬಿಲ್ವಪತ್ರೆ ಹಾಕಿದೆ. ನಿಂತೆ. ಕಲ್ಲಿನ ಸುತ್ತ ಹುಲ್ಲು ಬೆಳೆದು, ಒಣಗಿ, ಮತ್ತೆ ಬೆಳೆದಿತ್ತು. ಹಳೆಯ ಸಾವು. ಇದನ್ನು ನೋಡಿ ಹೊಸದಾಗಿ ಅಳುವುದು ಹೇಗೆ ಅಂತ ಗೊತ್ತಾಗಲಿಲ್ಲ.

ಪಕ್ಕದ ಗುಂಡಿಯ ಮಣ್ಣು ಇನ್ನೂ ಹಸಿ. ಮೇಲೆ ಹಾಕಿದ ಚೆಂಡು ಹೂವು ಪೂರ್ತಿ ಬಾಡಿರಲಿಲ್ಲ. ಅದರ ಹತ್ತಿರ ಒಂದು ಮೋಟು ಗೋಡೆಯ ಮೇಲೆ ಒಬ್ಬಳು ಹೆಂಗಸು ಕೂತಿದ್ದಳು. ನನ್ನಷ್ಟೇ ವಯಸ್ಸು ಇರಬಹುದು. ಅವಳ ಮನೆಯವರು ದೂರದಲ್ಲಿ ಕಾರಿನ ಹತ್ತಿರ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು.

"ನಿಮ್ಮೋರು ಯಾವಾಗ ಹೋದ್ರಮ್ಮ?" ಅಂತ ಕೇಳಿದಳು.

"ಹೋಗಿ ವರ್ಷದ ಮೇಲಾಯ್ತಂತೆ. ನನಗೆ ಕಾಯಿಲೆ, ಪ್ರಜ್ಞೆ ಇರಲಿಲ್ಲ. ನನಗೆ ಗೊತ್ತಾಗಿದ್ದು ಮೊನ್ನೆ ಮೊನ್ನೆ."

ಅದು ಹೇಗೆ, ಏನು ಕಾಯಿಲೆ ಅಂತ ಅವಳು ಕೇಳಲಿಲ್ಲ. ಸಮಾಧಾನ ಮಾಡಿಕೊಳ್ಳಿ ಅನ್ನಲಿಲ್ಲ.

"ನಮ್ಮೋರು ಹೋದ ವಾರ. ಹಾಗಾದ್ರೆ ನಿಮ್ಮದೂ ನಮ್ಮದೂ ಈಗಿನದೇ" ಅಂದು, ಗೋಡೆಯ ಮೇಲೆ ಸರಿದು ಜಾಗ ಮಾಡಿದಳು.

ಕೂತೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳಿಂದ 'ಹೂಂ' ಅಂತ ಒಂದು ದನಿ ಹೊರಟಿತು. ಅದನ್ನು ಕೇಳುತ್ತಲೇ ನನ್ನ ಬಾಯಿಂದಲೂ ಅದೇ ದನಿ ಹೊರಟಿತು. ಕೂಗಿಕೊಂಡು ಅತ್ತೆ. ಅವರ ಹೆಸರು ಹಿಡಿದು ಅತ್ತೆ. ಹೆಣ ಮನೆಯಲ್ಲಿದ್ದಾಗ ಹೇಗೆ ಅಳಬೇಕೋ ಹಾಗೆ. ಅವಳು ಯಾರೋ, ನಾನು ಯಾರೋ, ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದಿದ್ದೆವು.

ಪುಷ್ಪ ಓಡಿ ಬಂದಳು. "ಅತ್ತೆ, ತಲೆ..." ಅಂದಳು. ನನ್ನ ಮುಖ ನೋಡಿ ನಿಲ್ಲಿಸಿದಳು. ವಾಪಸ್ ಹೋಗಿ ಬೇವಿನ ಮರದ ಕೆಳಗೆ ನಿಂತಳು, ನಮ್ಮ ಕಡೆಗೆ ಬೆನ್ನು ಮಾಡಿ.

ಬಿಸಿಲು ಏರುವವರೆಗೆ ಅತ್ತೆ. ಇದು ನನಗೆ ನೆನಪಿದೆ.